ಅಪಘಾತವಾಗಿ ಬಂದವರಿಗೆ ಎಂಆರ್‌ಐ ಬಿಟ್ಟು ಸಿಟಿ ಸ್ಕ್ಯಾನ್ ಯಾಕೆ ಮಾಡುತ್ತಾರೆ?

ನಿಮ್ಮ ತಮ್ಮ ಹೊಸೂರು ರಸ್ತೆಯಲ್ಲಿ ಬೈಕಿಂದ ಬಿದ್ದಾಗ ಎಮರ್ಜೆನ್ಸಿಯಲ್ಲಿ ಹೊಟ್ಟೆಗೆ ಎರಡು ನಿಮಿಷ ಅಲ್ಟ್ರಾಸೌಂಡ್, ತಲೆಗೆ ಸಿಟಿ, ಇಷ್ಟೇ ಮಾಡಿದರು, ದುಡ್ಡು ಕಟ್ಟುತ್ತೇವೆ ಅಂದರೂ ಎಂಆರ್‌ಐ ಮಾಡಲಿಲ್ಲ, ಇದು ಸರಿಯಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲೇ ಎಮರ್ಜೆನ್ಸಿ ಡಾಕ್ಟರ್. ನೀವು ಬರೆದಿರುವುದನ್ನು ನೋಡಿದರೆ ಅವರು ಮಾಡಿದ್ದು ಸರಿ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

"ದೊಡ್ಡ ಸ್ಕ್ಯಾನಿಂಗೇ ಮಾಡಿಬಿಡಿ ಡಾಕ್ಟ್ರೇ" ಅಂತ ಮನೆಯವರು ಕೈ ಹಿಡಿದುಕೊಂಡು ಕೇಳುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಹೊತ್ತಲ್ಲಿ ನಮಗೆ ಬೇಕಿರುವುದು ಒಂದೇ ಉತ್ತರ, ಜೀವಕ್ಕೆ ಕುತ್ತು ತರುವಂಥದ್ದು ಒಳಗೆ ಏನಾದರೂ ಆಗಿದೆಯಾ ಅನ್ನುವುದು. ಅದನ್ನು ಯಾವ ಮೆಷಿನ್ ಬೇಗ ಹೇಳುತ್ತದೋ ಅದೇ ಮೊದಲು.

ತಲೆಯೊಳಗೆ ಆಗತಾನೇ ಸೋರಿದ ರಕ್ತ ಸಿಟಿಯಲ್ಲಿ ಬೆಳ್ಳಗೆ ಕಾಣುತ್ತದೆ. ಬುರುಡೆ ಬಿರುಕು ಬಿಟ್ಟಿದ್ದರೂ ಗೊತ್ತಾಗುತ್ತದೆ. ಮಲಗಿಸಿ ಇಳಿಸುವುದೂ ಸೇರಿ 5-10 ನಿಮಿಷದ ಕೆಲಸ. ಎಂಆರ್‌ಐಗೆ ಅರ್ಧ ಗಂಟೆಯಾದರೂ ಅಲುಗಾಡದೆ ಮಲಗಬೇಕು, ನೋವಲ್ಲಿ ಒದ್ದಾಡುತ್ತಾ ಡ್ರಿಪ್ ಕಿತ್ತುಹಾಕುವವರಿಗೆ ಅದು ಆಗುವ ಮಾತಾ? ಅಲ್ಲದೆ ಅಲ್ಲಿನ ಅಯಸ್ಕಾಂತ ಯಾವಾಗಲೂ ಆನ್ ಇರುತ್ತದೆ. ಕಬ್ಬಿಣದ ಆಕ್ಸಿಜನ್ ಸಿಲಿಂಡರ್, ಮಾಮೂಲಿ ವೆಂಟಿಲೇಟರ್ ಯಾವುದನ್ನೂ ಒಳಗೆ ಒಯ್ಯುವಂತಿಲ್ಲ. ಪ್ರಜ್ಞೆ ಇಲ್ಲದವರ ಮೈಯಲ್ಲಿ ಪೇಸ್‌ಮೇಕರ್ ಇದೆಯಾ ಅಂತ ಯಾರನ್ನು ಕೇಳುವುದು?

ಆ ಎರಡು ನಿಮಿಷದ ಅಲ್ಟ್ರಾಸೌಂಡ್ ಸುಮ್ನೆ ಮಾಡಿದ್ದಲ್ಲ. ಹೊಟ್ಟೆಯೊಳಗೆ ರಕ್ತ ಸೋರಿದೆಯಾ ಅಂತ ಬೇಗ ನೋಡುವ ಆ ಪರೀಕ್ಷೆಗೆ ಫಾಸ್ಟ್ (FAST) ಅನ್ನುತ್ತೇವೆ. ಒಂದು ಮಳೆಗಾಲದ ರಾತ್ರಿ ಡೆಲಿವರಿ ಹುಡುಗನೊಬ್ಬ ನಡೆದುಕೊಂಡೇ ಬಂದಿದ್ದ. ಮೊಣಕೈ ತರಚಿತ್ತು, ಮಾತಾಡುತ್ತಿದ್ದ, ಬಿಪಿ ಸರಿಯಿತ್ತು. ನಾಡಿ ಮಾತ್ರ ಜೋರಾಗಿತ್ತು, 120. ಬಲಗಡೆ ಪಕ್ಕೆಲುಬಿನ ಮೇಲೆ ಪ್ರೋಬ್, ಅಂದರೆ ಅಲ್ಟ್ರಾಸೌಂಡ್‌ನ ಕೈಹಿಡಿ, ಇಟ್ಟೆ. ಲಿವರ್ ಮತ್ತು ಕಿಡ್ನಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣಬೇಕು, ಅವುಗಳ ನಡುವೆ ಕಣ್ಣಿಗೆ ಕಾಡಿಗೆ ಎಳೆದ ಹಾಗೆ ಒಂದು ಕಪ್ಪು ಗೆರೆ ಇತ್ತು. ಅದು ರಕ್ತ. ಸರ್ಜನ್‌ಗೆ ಫೋನ್ ಮಾಡುವಷ್ಟರಲ್ಲಿ ಬಿಪಿ ಇಳಿಯತೊಡಗಿತು. ಸಿಟಿಗೂ ಕಳಿಸದೆ ನೇರ ಆಪರೇಷನ್ ಥಿಯೇಟರ್‌ಗೆ ಒಯ್ದೆವು. ಹೊಟ್ಟೆಯ ಎಡಗಡೆ ಮೇಲಿರುವ ಗುಲ್ಮ (ಸ್ಪ್ಲೀನ್) ಹರಿದಿತ್ತು. ಹುಡುಗ ಉಳಿದ. ಆ ಗೆರೆ ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಂತ ಅಲ್ಟ್ರಾಸೌಂಡ್ ನಾರ್ಮಲ್ ಅಂದರೆ ಏನೂ ಆಗಿಲ್ಲ ಅಂತಲ್ಲ. ಸ್ವಲ್ಪವೇ ರಕ್ತ ಇದ್ದರೆ, ಕರುಳು ತೂತಾಗಿದ್ದರೆ ಅದರಲ್ಲಿ ತಪ್ಪಿಹೋಗಬಹುದು. ಅನುಮಾನ ಇದ್ದು ಬಿಪಿ ಸ್ಥಿರವಾಗಿದ್ದರೆ ರಕ್ತನಾಳಕ್ಕೆ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಎದ್ದು ಕಾಣುವ ಔಷಧಿ) ಕೊಟ್ಟು ಹೊಟ್ಟೆಗೂ ಸಿಟಿ ಮಾಡುತ್ತೇವೆ, ಇಲ್ಲವೇ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರೋಬ್ ಇಡುತ್ತೇವೆ. ಎಂಆರ್‌ಐಗೂ ಅದರದೇ ಸರದಿ ಇದೆ. ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ ಬೆನ್ನುಹುರಿ ನೋಡಲು ಅದೇ ಬೇಕು, ಸಿಟಿ ಚೆನ್ನಾಗಿ ತೋರಿಸುವುದು ಮೂಳೆಯನ್ನು. ತಲೆಯ ಸಿಟಿ ನಾರ್ಮಲ್ ಇದ್ದೂ ರೋಗಿಗೆ ಎಚ್ಚರ ಬರದಿದ್ದರೆ ಆಗಲೂ ಮಾಡಿಸುತ್ತೇವೆ.

ಸಿಟಿಯ ಎಕ್ಸ್‌ರೇಯಿಂದ ಬೀಳುವ ರೇಡಿಯೇಷನ್ ಬಗ್ಗೆಯೂ ಕೇಳಿದ್ದೀರಿ. ತಲೆಯ ಒಂದು ಸಿಟಿಗೆ ಸುಮಾರು 2 ಮಿಲಿಸೀವರ್ಟ್ (ರೇಡಿಯೇಷನ್ ಅಳೆಯುವ ಮಾನ). ನೆಲ, ಗಾಳಿ, ಆಕಾಶದಿಂದ ವರ್ಷವಿಡೀ ನಮಗೆ ಹೇಗೂ ಬೀಳುವುದು ಹೆಚ್ಚುಕಡಿಮೆ ಅಷ್ಟೇ. ಮಕ್ಕಳಿಗಾದರೆ ಜಾಸ್ತಿ ಯೋಚಿಸುತ್ತೇವೆ. ನಿಮ್ಮ ತಮ್ಮನಿಗೆ ಆ ಚಿಂತೆ ಬೇಡ.

ಈಗ ಅವರು ಮನೆಯಲ್ಲಿದ್ದಾರೆ ಅಲ್ವಾ? ಮತ್ತೆ ಮತ್ತೆ ವಾಂತಿ, ಏರುತ್ತಲೇ ಇರುವ ತಲೆನೋವು, ಎಬ್ಬಿಸಿದರೂ ತಡವರಿಸುವ ನಿದ್ದೆ, ಹೊಟ್ಟೆ ನೋವು ಜಾಸ್ತಿಯಾಗುವುದು, ಹೊಡೆತವೇ ಬೀಳದ ಎಡ ಭುಜದಲ್ಲಿ ನೋವು, ಎದ್ದು ನಿಂತರೆ ಕಣ್ಣು ಕತ್ತಲೆ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೋಗುವಾಗ ಬರೀ ರಿಪೋರ್ಟ್ ಅಲ್ಲ, ಸಿಟಿಯ ಸಿಡಿಯನ್ನೂ ತೆಗೆದುಕೊಂಡು ಹೋಗಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರೆ ಏನು ಬದಲಾಗಿದೆ ಅಂತ ಬೇಗ ತಿಳಿಯುತ್ತದೆ.