ಹೆದ್ದಾರಿಗೆ ನಮ್ಮೂರ ಯೋಧನ ಹೆಸರಿಡಬಹುದೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಹಳ್ಳಿ. ನಮ್ಮ ಜೊತೆ ಓದಿದ ಗೆಳೆಯ ಸೇನೆಯಲ್ಲಿದ್ದ, ಎರಡು ವರ್ಷದ ಹಿಂದೆ ಗಡಿಯಲ್ಲಿ ವೀರಮರಣ ಹೊಂದಿದ. ಊರಿನ ಸೀಮೆಯಲ್ಲಿ ಬರುವ ಆರು ಕಿಲೋಮೀಟರ್ ಹೆದ್ದಾರಿಗೆ ಅವನ ಹೆಸರಿಡಬೇಕೆಂದು ಗೆಳೆಯರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಯಾರಿಗೆ ಅರ್ಜಿ ಕೊಡಬೇಕು? ಅರ್ಜಿ ಯಾಕೆ, ಬೋರ್ಡ್ ಬರೆಸಿ ನಿಲ್ಲಿಸಿಬಿಡೋಣ ಅನ್ನುವವರೂ ಇದ್ದಾರೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಗೆಳೆಯರಿದ್ದಾರೆ, ಊರಿದೆ, ಆದರೆ ಅವನ ಮನೆಯವರ ಮಾತೇ ಇಲ್ಲ. ಹಾಗಾಗಿ ಅರ್ಜಿಗಿಂತ ಮೊದಲು ಅವನ ಮನೆಗೆ ಹೋಗಿ, ಕೂತು ಮಾತಾಡಿ. ಸಂತೆಗೆ ಹೋಗುವಾಗ ಬರುವಾಗ ಮಗನ ಹೆಸರು ಕಾಣುತ್ತಿರಲಿ ಅನ್ನುವ ತಾಯಿ ಇರುತ್ತಾರೆ. ಅದನ್ನು ದಿನಾ ನೋಡೋದಕ್ಕೆ ಆಗೋದಿಲ್ಲ, ಶಾಲೆಗೆ ಇಡಿ ಅನ್ನುವವರೂ ಇರುತ್ತಾರೆ. ಹೆಂಡತಿ ಇದ್ದರೆ ಅವರನ್ನು ಬೇರೆಯಾಗಿ ಕೇಳಿ. ಮಾವನ ಎದುರು ಅವರು ಬಾಯಿ ಬಿಡಲಾರರು. ಒಪ್ಪಿದರೆ ಒಂದು ಪತ್ರ ಬರೆಸಿಕೊಳ್ಳಿ. ಹೆಸರು, ಅಡ್ಡಹೆಸರು ಹೇಗೆ ಬರೆಯಬೇಕು ಅನ್ನೋದೂ ಅದರಲ್ಲೇ ಇರಲಿ. ಬೋರ್ಡ್‌ನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಆ ಮನೆಯವರಿಗೆ ಅದು ದಿನಾ ಚುಚ್ಚುತ್ತದೆ.

ಇನ್ನು ಬೋರ್ಡ್ ನಿಲ್ಲಿಸುವ ಮಾತು. ದಯವಿಟ್ಟು ಬೇಡ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಆ ರಸ್ತೆ ಕೇಂದ್ರ ಸರ್ಕಾರದ್ದು. ಅದರ ಜಾಗದಲ್ಲಿ ಒಪ್ಪಿಗೆ ಇಲ್ಲದೆ ಏನು ನಿಲ್ಲಿಸಿದರೂ ಒತ್ತುವರಿ ಅಂತ ತೆಗೆಸಲು 2002ರ ಇನ್ನೊಂದು ಕಾಯ್ದೆ ಅಧಿಕಾರ ಕೊಡುತ್ತದೆ. ಒಂದು ಊರಲ್ಲಿ ಇದು ಆಗಿದ್ದನ್ನು ನಾನೇ ನೋಡಿದ್ದೇನೆ. ರಸ್ತೆ ಅಗಲ ಮಾಡುವಾಗ ಜೆಸಿಬಿಯವರು ಬೋರ್ಡ್ ಕಿತ್ತು ಬದಿಗಿಟ್ಟರು. ಊರವರು ಅದನ್ನು ತಂದು ಪಂಚಾಯಿತಿ ಕಟ್ಟಡದ ಹಿಂದೆ ಗೋಡೆಗೆ ಒರಗಿಸಿದರು. ಮಳೆಗೆ ಬಣ್ಣ ಇಳಿದು, ರ‍್ಯಾಂಕ್ ಅಳಿಸಿ, ಹೆಸರಿನ ಅರ್ಧ ಮಾತ್ರ ಉಳಿದಿತ್ತು. ಹುಡುಗನ ಅಪ್ಪ ಪಿಂಚಣಿ ಕೆಲಸಕ್ಕೆ ಆ ಕಚೇರಿಗೆ ಬರುತ್ತಿದ್ದರು. ಅವರು ಆ ಗೋಡೆಯ ಕಡೆ ತಿರುಗದೆ ಸುಮ್ನೆ ಹೋಗುತ್ತಿದ್ದರು.

ರಸ್ತೆ ಯಾರದು ಅಂತ ತಿಳಿಯಲು ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಅಂದರೆ ರಾಜ್ಯ ಹೆದ್ದಾರಿ, ಅದು ಲೋಕೋಪಯೋಗಿ ಇಲಾಖೆಯದು. ಕೇಸರಿ ಅಂದರೆ ಹಳ್ಳಿಯ ರಸ್ತೆ. ಹಳದಿ ಕಲ್ಲಿನ ರಸ್ತೆಗೆ ಪಂಚಾಯಿತಿಯ ಠರಾವಿನಿಂದ ಹೆಸರು ಬರೋದಿಲ್ಲ. ರಾಜ್ಯ ಸರ್ಕಾರದ ಮೂಲಕ ದೆಹಲಿಯ ರಸ್ತೆ ಸಾರಿಗೆ ಸಚಿವಾಲಯದವರೆಗೆ ಹೋಗಬೇಕು. ಅಲ್ಲಿ ಹೆದ್ದಾರಿಯನ್ನು ಗುರುತಿಸೋದು ಸಂಖ್ಯೆಯಿಂದ. ವರ್ಷಗಟ್ಟಲೆ ಓಡಾಡಿ ಏನೂ ಆಗದೆ ಹೋಗಬಹುದು.

ನನ್ನನ್ನು ಕೇಳಿದರೆ, ಹೆದ್ದಾರಿಯಿಂದ ಊರೊಳಗೆ ಬರುವ ಕೂಡು ರಸ್ತೆಗೆ ಅವನ ಹೆಸರಿಡಿ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗುವವರು ಬೋರ್ಡ್ ಓದುತ್ತಾರೆಯೇ? ಊರಿನ ರಸ್ತೆಯಲ್ಲಿ ಮಕ್ಕಳು ಶಾಲೆಗೆ ನಡೆದು ಹೋಗುತ್ತಾರೆ. ಅವನೂ ಅದೇ ರಸ್ತೆಯಲ್ಲಿ ಶಾಲೆಗೆ ಹೋದವನು, ರಜೆ ಮುಗಿಸಿ ಬಸ್ ಹತ್ತಲು ನಡೆದವನು, ಅಲ್ವಾ? ಪಂಚಾಯಿತಿ ರಸ್ತೆಯಾದರೆ ಮೊದಲು ಗ್ರಾಮಸಭೆಯಲ್ಲಿ ವಿಷಯ ಇಡಿ, ಆಮೇಲೆ ಪಂಚಾಯಿತಿ ಸಭೆಯಲ್ಲಿ ಠರಾವು ಮಾಡಿಸಿ, ಪಿಡಿಓ ಸಹಿ ಇರುವ ಪ್ರತಿ ಇಟ್ಟುಕೊಳ್ಳಿ. ಲೋಕೋಪಯೋಗಿ ರಸ್ತೆಯಾದರೆ ಅದೇ ಠರಾವನ್ನು ಮನೆಯವರ ಪತ್ರದ ಜೊತೆ ಜಿಲ್ಲಾಧಿಕಾರಿಗೆ ಕೊಡಿ. ರ‍್ಯಾಂಕ್, ರೆಜಿಮೆಂಟ್, ತೀರಿಕೊಂಡ ದಿನ ಸರಿಯಾಗಿ ಸಿಗಬೇಕೆಂದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಕಾಗದದಲ್ಲಿ ‘ಹುತಾತ್ಮ’ ಅಂತ ಇಲ್ಲವೆಂದು ಗಾಬರಿ ಬೀಳಬೇಡಿ. ಸೇನೆಯ ದಾಖಲೆಯಲ್ಲಿ ಯಾರಿಗೂ ಆ ಪದ ಬಳಸೋದಿಲ್ಲ, ‘ಬ್ಯಾಟಲ್ ಕ್ಯಾಶುವಲ್ಟಿ’ ಅಂತ ಬರೆಯುತ್ತಾರೆ. ಹುತಾತ್ಮ ಅನ್ನೋದು ನಮ್ಮ ಪ್ರೀತಿಯ ಮಾತು.

ಆ ರಸ್ತೆಗೆ ಈಗಾಗಲೇ ಒಂದು ಹೆಸರಿದ್ದರೆ ಅದನ್ನು ಅಳಿಸಬೇಡಿ. ಜನರಿಗೆ ರೂಢಿಯಾದ ಹೆಸರನ್ನು ವಿಶೇಷ ಕಾರಣ ಇಲ್ಲದೆ ಬದಲಿಸಬಾರದೆಂದು ಕೇಂದ್ರ ಗೃಹ ಸಚಿವಾಲಯ 1953ರಲ್ಲೇ ರಾಜ್ಯಗಳಿಗೆ ಬರೆದಿತ್ತು. ವೃತ್ತದಲ್ಲಿ ಪ್ರತಿಮೆ ಇಡುವ ಯೋಚನೆ ಇದ್ದರೆ ಅದನ್ನೂ ಬಿಡಿ. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶಿಸಿದೆ.

ಹೆಸರು ಬಾಯಿಗೆ ಸುಲಭವಾಗಿರಲಿ. ಬಿರುದುಗಳನ್ನೆಲ್ಲ ಸೇರಿಸಿದರೆ ಯಾರೂ ಹೇಳೋದಿಲ್ಲ. ಮುಂಬೈಯ ತಾಜ್ ಹೋಟೆಲಿನಲ್ಲಿ 2008ರ ನವೆಂಬರ್ 28ರಂದು ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಲ್ಲಿ ಬೆಳೆದವರು. ದೊಡ್ಡಬಳ್ಳಾಪುರ ರಸ್ತೆಯಿಂದ ಎಂ.ಎಸ್. ಪಾಳ್ಯದವರೆಗಿನ ನಾಲ್ಕೂವರೆ ಕಿಲೋಮೀಟರ್ ರಸ್ತೆಗೆ ಅವರ ಹೆಸರಿದೆ. ಈಗ ಅಲ್ಲಿಯ ಮನೆ, ಅಂಗಡಿಗಳ ವಿಳಾಸದಲ್ಲೇ ಆ ಹೆಸರು ಬರುತ್ತದೆ. ಅಲ್ಲಿಗೆ ಆಟೊ ಕರೆಯುವವರೂ ಅದನ್ನೇ ಹೇಳುತ್ತಾರೆ. ನಿಮ್ಮ ಗೆಳೆಯನ ಹೆಸರೂ ಹೀಗೆ ದಿನಾ ಬಾಯಲ್ಲಿ ಓಡಾಡಲಿ ಅನ್ನೋದು ನನ್ನ ಆಸೆ. ಬೋರ್ಡ್‌ಗೆ ವರ್ಷಕ್ಕೊಮ್ಮೆ ಬಣ್ಣ ಹಚ್ಚುವವರು ಯಾರು ಅಂತ ಠರಾವಿನಲ್ಲೇ ಬರೆಸಿ.

ಪ್ರಶ್ನೆ: ಮಗನ ಮನೆಗೆಂದು ಅಮೆರಿಕದ ಫೀನಿಕ್ಸ್‌ಗೆ ಬಂದಿದ್ದೇನೆ. ಇಲ್ಲಿಯ 51ನೇ ನಂಬರ್ ಹೆದ್ದಾರಿಗೆ ‘ಪಿಯೆಸ್ಟವಾ ಫ್ರೀವೇ’ ಅಂತ ಹೆಸರು. ಸೇನೆಯಲ್ಲಿ ಮಡಿದ ಒಬ್ಬ ಹೆಣ್ಣುಮಗಳ ಹೆಸರಂತೆ. ಅವರು ಯಾರು?

ಉತ್ತರ: ಲೋರಿ ಪಿಯೆಸ್ಟವಾ. ಅರಿಜೋನಾದ ಉತ್ತರಕ್ಕಿರುವ ಟ್ಯೂಬಾ ಸಿಟಿಯ ಹುಡುಗಿ, ಹೋಪಿ ಎಂಬ ಮೂಲನಿವಾಸಿ ಸಮುದಾಯದವಳು. ಅಪ್ಪ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. 2003ರ ಮಾರ್ಚ್ 23ರಂದು ಇರಾಕಿನ ನಾಸಿರಿಯಾದಲ್ಲಿ ದಾರಿ ತಪ್ಪಿದ ಸೇನಾ ವಾಹನಗಳ ಮೇಲೆ ದಾಳಿಯಾಯಿತು. ಒಂದು ವಾಹನ ಓಡಿಸುತ್ತಿದ್ದವಳು ಲೋರಿ. ಆಗ ಅವಳಿಗೆ 23 ವರ್ಷ, ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಅಮೆರಿಕ ಸೇನೆಯಲ್ಲಿದ್ದು ಯುದ್ಧದಲ್ಲಿ ಮಡಿದ ಮೊದಲ ಮೂಲನಿವಾಸಿ ಮಹಿಳೆ ಅವಳು.

ಅಲ್ಲಿಯ ನಾಮಕರಣ ಮಂಡಳಿಗೆ ಒಂದು ನಿಯಮ ಇತ್ತು: ಸತ್ತು ಐದು ವರ್ಷವಾಗುವ ತನಕ ಯಾರ ಹೆಸರನ್ನೂ ಇಡುವಂತಿಲ್ಲ. ದುಃಖದ ಬಿಸಿಯಲ್ಲಿ, ರಾಜಕೀಯದ ಭರದಲ್ಲಿ ಹೆಸರಿಡಬಾರದು ಅನ್ನೋದು ಇಂಥ ನಿಯಮದ ಹಿಂದಿನ ಯೋಚನೆ. ಒಳ್ಳೆಯ ನಿಯಮವೇ. ಆದರೂ ರಾಜ್ಯಪಾಲೆ ಜಾನೆಟ್ ನಪೊಲಿಟಾನೊ ಪಟ್ಟು ಹಿಡಿದರು, ಅದನ್ನು ಬದಿಗಿಟ್ಟು 2003ರ ಏಪ್ರಿಲ್‌ನಲ್ಲೇ ಹೆಸರಿಟ್ಟರು. ನನಗೆ ಅದು ಸರಿ ಅನ್ನಿಸುತ್ತದೆ. ಯಾಕೆಂದರೆ ಆ ಫ್ರೀವೇಗೂ ಪಕ್ಕದ ಬೆಟ್ಟಕ್ಕೂ ಮೊದಲಿದ್ದ ಹೆಸರಿನಲ್ಲಿ ‘ಸ್ಕ್ವಾ’ ಅನ್ನುವ ಪದ ಇತ್ತು. ಮೂಲನಿವಾಸಿ ಹೆಂಗಸರನ್ನು ಹೀಯಾಳಿಸುವ ಪದ ಅದು. ಅದನ್ನು ತೆಗೆಯಿರಿ ಅಂತ ಜನ ವರ್ಷಗಳಿಂದ ಕೇಳುತ್ತಿದ್ದರು. ಬೆಟ್ಟದ ಹೊಸ ಹೆಸರನ್ನು ಕೇಂದ್ರದ ಮಂಡಳಿ ಒಪ್ಪಿದ್ದು ಮಾತ್ರ 2008ರಲ್ಲಿ, ಐದು ವರ್ಷ ತುಂಬಿದ ಮೇಲೆ. 51 ಅನ್ನುವ ನಂಬರ್ ಹಾಗೇ ಉಳಿದಿದೆ.

ಮರಳುಗಾಡಿನಲ್ಲಿ ಜೋರು ಮಳೆ ಬಂದಾಗ ಅಲ್ಲಲ್ಲಿ ನಿಲ್ಲುವ ನೀರಿಗೆ ಹೋಪಿ ಭಾಷೆಯಲ್ಲಿರುವ ಮಾತಿನಿಂದ ಅವಳ ಮನೆತನದ ಹೆಸರು ಬಂದದ್ದಂತೆ. ಮಗನ ಕಾರಿನಲ್ಲಿ ಹೋಗುವಾಗ ಕಿಟಕಿಯಿಂದ ಪಿಯೆಸ್ಟವಾ ಬೆಟ್ಟ ಕಾಣುತ್ತದೆ. ಅದರ ತುದಿಯವರೆಗೂ ಕಾಲುದಾರಿ ಇದೆ. ಹತ್ತುವ ಮನಸ್ಸಾದರೆ ಬೆಳಗಿನ ಜಾವವೇ ಹೋಗಿ, ನೀರು ಜಾಸ್ತಿ ಒಯ್ಯಿರಿ.