ಇಂಟರ್‌ವ್ಯೂಗೆ ಮೊದಲು 23 ಡಿಸೈನ್ ಪ್ಯಾಟರ್ನ್‌ಗಳನ್ನೂ ಬಾಯಿಪಾಠ ಮಾಡಬೇಕಾ?

ಬೇಡ. ಬೆಳಗಾವಿಯಿಂದ ಪುಣೆಗೆ ಬಂದು, ವಾಕಡ್‌ನ ಪಿಜಿಯಲ್ಲಿ ಕೂತು ಜಾವಾ ಪ್ಯಾಟರ್ನ್‌ಗಳ (ಪ್ರೋಗ್ರಾಮ್ ಬರೆಯುವಾಗ ಮತ್ತೆ ಮತ್ತೆ ಬರುವ ತೊಂದರೆಗಳಿಗೆ ಹೆಸರಿಟ್ಟ ಪರಿಹಾರಗಳ) ಪಟ್ಟಿ ಉರು ಹೊಡೆಯುತ್ತಿದ್ದೇನೆ, ಯಾವ ಕ್ರಮದಲ್ಲಿ ಕಲಿಯಲಿ ಅಂತ ಬರೆದಿದ್ದೀರಿ. ನಾನು ಹುಬ್ಬಳ್ಳಿಯಿಂದ ಬಂದು ಮಾಡಿದ್ದೂ ಅದನ್ನೇ.

ಆ ಪಟ್ಟಿಯಲ್ಲಿ ನನ್ನ ತಲೆಗೆ ಬೇಗ ಹತ್ತಿದ್ದು ಸಿಂಗಲ್ಟನ್. ಒಂದು ಕ್ಲಾಸಿಗೆ ಒಂದೇ ಆಬ್ಜೆಕ್ಟ್, ಎಲ್ಲಿಂದ ಬೇಕಾದರೂ ಕರೆಯಬಹುದು. ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿದರು, ಹಿಂಜವಡಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಕೆಲಸ. ಯಾವ ಅಂಗಡಿಯ ಬಿಲ್, ಅದರ ಜಿಎಸ್‌ಟಿ ನಂಬರ್ ಏನು ಅನ್ನುವುದು ಕೋಡ್‌ನಲ್ಲಿ ಹತ್ತಾರು ಕಡೆ ಬೇಕಾಗುತ್ತಿತ್ತು. ಅದನ್ನು ಪ್ರತಿ ಮೆಥಡ್‌ಗೂ (ಒಂದು ಕೆಲಸ ಮಾಡುವ ಕೋಡ್ ತುಂಡು) ಪ್ಯಾರಾಮೀಟರ್ ಆಗಿ, ಅಂದರೆ ಕರೆಯುವಾಗಲೇ ಕೈಗೆ ಕೊಡುವುದು ನನಗೆ ದಡ್ಡತನ ಅನ್ನಿಸಿತು. 'ಈಗಿನ ಅಂಗಡಿ' ಅಂತ ಒಂದು ಸಿಂಗಲ್ಟನ್ ಮಾಡಿ ಅದರೊಳಗೆ ಇಟ್ಟುಬಿಟ್ಟೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಿತ್ತು, ಯಾಕೆಂದರೆ ಅಲ್ಲಿ ಬಿಲ್ ಮಾಡುವವನು ನಾನೊಬ್ಬನೇ. ಸರ್ವರ್‌ನಲ್ಲಿ ಹಾಗಲ್ಲ. ಒಂದೇ ಪ್ರೋಗ್ರಾಮ್, ಒಳಗೆ ಹತ್ತಾರು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ), ಒಂದೊಂದೂ ಒಬ್ಬೊಬ್ಬ ಗಿರಾಕಿಯ ಕೆಲಸ ನೋಡುತ್ತಿರುತ್ತದೆ. ಆದರೆ ಆ ಸಿಂಗಲ್ಟನ್ ಮಾತ್ರ ಎಲ್ಲರಿಗೂ ಒಂದೇ. ಮೊದಲನೇ ಥ್ರೆಡ್ ಅದರಲ್ಲಿ 'ಅ' ಅಂಗಡಿ ಅಂತ ಬರೆದು ಐಟಂ ಲೆಕ್ಕ ಹಾಕುತ್ತಿರುವಾಗ, ಇನ್ನೊಂದು ಬಂದು 'ಬ' ಅಂಗಡಿ ಅಂತ ಬರೆಯಿತು. ಮೊದಲನೆಯದು ವಾಪಸ್ ಓದಿದಾಗ ಸಿಕ್ಕಿದ್ದು 'ಬ'. ಒಬ್ಬರ ಬಿಲ್ ಮೇಲೆ ಇನ್ನೊಬ್ಬರ ಜಿಎಸ್‌ಟಿ ನಂಬರ್!

ಅದೂ ಯಾವಾಗಲೋ ಒಮ್ಮೆ, ಸಂಜೆ ಗಿರಾಕಿ ಜಾಸ್ತಿ ಇದ್ದಾಗ ಮಾತ್ರ. ನಾನು ಎಷ್ಟು ಒದ್ದಾಡಿದರೂ ನನ್ನ ಮಷಿನ್‌ನಲ್ಲಿ ಆ ಬಗ್ ಬರಲೇ ಇಲ್ಲ. ಕೊನೆಗೆ ಬರೆಯುವ ಮೆಥಡ್, ಓದುವ ಮೆಥಡ್ ಎರಡಕ್ಕೂ ಸಿಂಕ್ರನೈಸ್ಡ್ ಹಾಕಿದೆ, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಒಳಗೆ ಹೋಗುವಂತೆ ಬೀಗ. ಅದರಿಂದಲೂ ಏನೂ ಆಗಲಿಲ್ಲ. ಇಲ್ಲಿ ಗಮನ ಕೊಡಿ: ಬೀಗ ಒಂದೊಂದು ಮೆಥಡ್ ನಡೆಯುವಾಗ ಮಾತ್ರ ಇರುತ್ತದೆ. ನನ್ನ ತೊಂದರೆ ಇದ್ದದ್ದು ಬರೆಯುವುದಕ್ಕೂ ಓದುವುದಕ್ಕೂ ನಡುವಿನ ಸಮಯದಲ್ಲಿ. ಆಗ ಬೀಗವೇ ಇರುತ್ತಿರಲಿಲ್ಲ.

ಧಾರವಾಡದ ಟೀಮ್ ಲೀಡ್ ಒಬ್ಬರು ಕೋಡ್ ನೋಡಿ, "ತಮ್ಮಾ, ಇದು ಗ್ಲೋಬಲ್ ವೇರಿಯಬಲ್ಲ ಅದ. ಮ್ಯಾಲೊಂದು ಕೋಟ್ ತೊಡಿಸೀ ಅಷ್ಟ" ಅಂದರು. ಗ್ಲೋಬಲ್ ಅಂದರೆ ಕೋಡ್‌ನಲ್ಲಿ ಎಲ್ಲಿಂದ ಬೇಕಾದರೂ ಬದಲಾಯಿಸಬಹುದಾದದ್ದು. ಆ ಸಿಂಗಲ್ಟನ್ ತೆಗೆದು, ಅಂಗಡಿಯನ್ನು ಪ್ಯಾರಾಮೀಟರ್ ಆಗಿ ಕಳಿಸಿದೆವು. ಸರಿಹೋಯಿತು. ಅಷ್ಟರಲ್ಲಿ ಕಂಪನಿಯ ದೊಡ್ಡ ಗಿರಾಕಿಯೊಬ್ಬರು ಬಿಟ್ಟು ಹೋಗಿದ್ದರು, ಆ ವರ್ಷ ನನಗೆ ಇನ್‌ಕ್ರಿಮೆಂಟ್ ಇಲ್ಲ.

ನಿಮ್ಮ ಪಟ್ಟಿಯ 23 ಪ್ಯಾಟರ್ನ್‌ಗಳು 1994ರಲ್ಲಿ ನಾಲ್ವರು ಸೇರಿ ಬರೆದ ಪುಸ್ತಕದಿಂದ ಬಂದವು. ಅಲ್ಲಿನ ಉದಾಹರಣೆಗಳು ಸಿ++ ಮತ್ತು ಸ್ಮಾಲ್‌ಟಾಕ್ ಭಾಷೆಗಳವು. ಕೆಲವನ್ನು ಈಗ ಭಾಷೆಯೇ ನುಂಗಿಕೊಂಡಿದೆ. ಪಟ್ಟಿಯ ಐಟಂಗಳನ್ನು ಒಂದೊಂದಾಗಿ ಕೊಡುವ ಇಟರೇಟರ್ ನಿಮ್ಮ ಫಾರ್ ಲೂಪ್‌ನೊಳಗೇ ಇದೆ. 2014ರಲ್ಲಿ ಬಂದ ಜಾವಾ 8ರಿಂದ ಈಚೆಗೆ ಸ್ಟ್ರಾಟೆಜಿ (ಒಂದೇ ಕೆಲಸದ ಬೇರೆ ಬೇರೆ ವಿಧಾನಗಳನ್ನು ಬದಲಾಯಿಸಿ ಹಾಕುವ ಪ್ಯಾಟರ್ನ್) ಅನ್ನುವುದು ಎಷ್ಟೋ ಸಲ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್), ಅಷ್ಟೇ. ಆ ನಾಲ್ವರಲ್ಲಿ ಒಬ್ಬರಾದ ಎರಿಕ್ ಗಾಮಾ ಅವರೇ 2009ರಲ್ಲಿ, ಈಗಾದರೆ ಸಿಂಗಲ್ಟನ್ ಕೈಬಿಡುತ್ತೇನೆ ಅಂದಿದ್ದರು. (ನನಗೆ ಇದು ಗೊತ್ತಾಗಿದ್ದು ಇನ್‌ಕ್ರಿಮೆಂಟ್ ಹೋದ ಮೇಲೆ.)

ಹಾಗಾಗಿ ಯಾವ ಕ್ರಮದಲ್ಲಿ ಕಲಿಯಬೇಕು ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಪಟ್ಟಿ ಪಕ್ಕಕ್ಕಿಟ್ಟು ಒಂದು ಸಣ್ಣ ಬಿಲ್ಲಿಂಗ್ ಪ್ರೋಗ್ರಾಮ್ ಬರೆಯಿರಿ. ನಗದು, ಕಾರ್ಡ್, ಯುಪಿಐ ಅಂತ ಇಫ್-ಎಲ್ಸ್ ಬೆಳೆಯುತ್ತಾ ಹೋಗಿ ನಿಮಗೇ ಬೇಜಾರಾಗುತ್ತದೆ ನೋಡಿ, ಆಗ ಸ್ಟ್ರಾಟೆಜಿ ಓದಿ. ಜಾವಾದಲ್ಲಿ ಫೈಲ್ ಓದಲು ಫೈಲ್‌ರೀಡರ್ ಸುತ್ತ ಬಫರ್ಡ್‌ರೀಡರ್ ಸುತ್ತುತ್ತೀರಲ್ಲ, ಅದು ಡೆಕೊರೇಟರ್: ಒಂದು ಆಬ್ಜೆಕ್ಟ್ ಸುತ್ತ ಇನ್ನೊಂದನ್ನು ಸುತ್ತಿ ಹೊಸ ಗುಣ ಸೇರಿಸುವುದು. ದಿನಾ ಬಳಸುತ್ತಲೇ ಇದ್ದೀರಿ. ಇಂಟರ್‌ವ್ಯೂನಲ್ಲಿ ಸಿಂಗಲ್ಟನ್ ಕೇಳಿದರೆ ಎನಮ್‌ನಲ್ಲಿ (ಎಷ್ಟು ಆಬ್ಜೆಕ್ಟ್ ಅಂತ ಮೊದಲೇ ನಿಗದಿಯಾಗಿರುವ ಜಾವಾ ಟೈಪ್) ಬರೆದು ತೋರಿಸಿ. ಆಮೇಲೆ ಅದರೊಳಗೆ ಬದಲಾಗುವ ಡೇಟಾ ಯಾಕೆ ಇಡಬಾರದು ಅಂತ ಅವರು ಕೇಳದಿದ್ದರೂ ಹೇಳಿ.