ಉಂಗುರ ಕಂಡ ಮಾತ್ರಕ್ಕೆ ಮೂಲ ತಿಳಿಯದು

ಸೂರ್ಯನನ್ನು ಗಮನಿಸುವ ಸೋಹೋ ನೌಕೆಯ ಲಾಸ್ಕೋ ಕ್ಯಾಮೆರಾದ ಚಿತ್ರದಲ್ಲಿ ಸೂರ್ಯನ ಸುತ್ತ ಉಂಗುರದಂತೆ ಹಬ್ಬಿದ ಸ್ಫೋಟ ಯಾವ ಸೌರಕಲೆಯದೆಂದು (ಸೂರ್ಯನ ಮೇಲಿನ ಕಪ್ಪು ಕಲೆಯದೆಂದು) ಕೇಳಿದ್ದೀರಿ. ಆ ಚಿತ್ರವೊಂದರಿಂದಲೇ ಹೇಳಲಾಗದು. ಅಲ್ಲಿ ಸೂರ್ಯನ ಬಿಂಬವನ್ನೇ ತಟ್ಟೆಯಿಂದ ಮರೆಮಾಡಿರುತ್ತಾರೆ. ಸೆಕೆಂಡಿಗೆ 500 ಕಿ.ಮೀ. ವೇಗದಲ್ಲಿ ಸ್ಫೋಟದಿಂದ ಚಿಮ್ಮಿದ ಅನಿಲದ ಮೋಡ ಸೂರ್ಯನ ಮೇಲ್ಮೈಯಿಂದ ತಟ್ಟೆಯ ಅಂಚು ದಾಟಲು ಹತ್ತಿರಹತ್ತಿರ ಅರ್ಧ ಗಂಟೆ ಬೇಕು. ಉಂಗುರ ಕಂಡ ಹೊತ್ತಿಗಿಂತ ಅಷ್ಟು ಹಿಂದಿನಿಂದ, ಬಿಂಬವನ್ನು ಮರೆಮಾಡದೆ ಚಿತ್ರಿಸುವ ಎಸ್‌ಡಿಒ ನೌಕೆಯ 193 ಆಂಗ್‌ಸ್ಟ್ರಾಮ್ (ಅತಿನೇರಳೆ ಬೆಳಕಿನ ತರಂಗಾಂತರ) ಚಿತ್ರಗಳನ್ನು ಓಡಿಸಿ ನೋಡಿ. ಕಲೆಗಳ ಗುಂಪಿನ ಇಕ್ಕೆಲಗಳಲ್ಲಿ ಬೆಳಕು ಕುಗ್ಗಿ, ನಡುವೆ ಕಮಾನುಗಳ ಸಾಲು ಹೊಳೆಯತೊಡಗಿದರೆ ಅದೇ ಮೂಲ. ಸೌರಜ್ವಾಲೆಯ, ಅಂದರೆ ಸೂರ್ಯನ ಮೇಲೆ ಹಠಾತ್ತನೆ ಭುಗಿಲೇಳುವ ಬೆಳಕಿನ, ಮಿಂಚನ್ನಷ್ಟೇ ನಂಬಿ ಕೂರಬೇಡಿ: 2014ರ ಅಕ್ಟೋಬರ್ 24ರಂದು 12192 ಸಂಖ್ಯೆಯ ದೈತ್ಯ ಕಲೆಗಳ ಗುಂಪು ಎಕ್ಸ್ 3.1 ದರ್ಜೆಯ (ಎಕ್ಸ್ ಎಂದರೆ ಅತಿ ಪ್ರಬಲ ವರ್ಗ) ಜ್ವಾಲೆ ಹೊತ್ತಿಸಿಯೂ ಹೊರಗೆ ಏನನ್ನೂ ಉಗುಳಲಿಲ್ಲ. ಬಿಂಬದ ಮೇಲೆ ಏನೂ ಕದಲಿಲ್ಲವೇ? ಹಾಗಾದರೆ ಸ್ಫೋಟ ಬಹುಮಟ್ಟಿಗೆ ಸೂರ್ಯನ ಆಚೆ ಬದಿಯದು, ನಮ್ಮತ್ತ ಬರುವಂಥದ್ದಲ್ಲ.